ಕೇದಾರಕ್ಕೆ ಒಂದು ಹೇಸರಗತ್ತೆ

ಶೇಷಾದ್ರಿಪುರಂನಲ್ಲಿ ಬೆಳೆದವರಿಗೆ ಕುದುರೆ ಅಂದ್ರೆ ರೇಸ್ ಕೋರ್ಸ್ ಕುದುರೆ. ಶಿವಾನಂದ ವೃತ್ತದಿಂದ ಸ್ವಲ್ಪ ಮುಂದೆ ಹೋದರೆ ಮೈ ಮಿರಮಿರ ಮಿಂಚುವ, ವಂಶಾವಳಿ ಇರುವ, ಸ್ವಂತ ಡಾಕ್ಟರ್ ಇರುವ ಕುದುರೆಗಳು. ಕೇದಾರನಾಥದ ದಾರಿಯಲ್ಲಿ ಯಾತ್ರಿಕರು ‘ಕುದುರೆ’ ಅಂತ ಕರೆಯೋ ಪ್ರಾಣಿ ಬಹಳ ಸಲ ಕುದುರೆಯೇ ಅಲ್ಲ. ಅದು ಹೇಸರಗತ್ತೆ: ಗಂಡು ಕತ್ತೆ, ಹೆಣ್ಣು ಕುದುರೆಗೆ ಹುಟ್ಟಿದ್ದು. ಕುದುರೆಗೆ 64 ಕ್ರೋಮೋಸೋಮು, ಕತ್ತೆಗೆ 62, ಇದಕ್ಕೆ 63. ಹಾಗಾಗಿ ಇದಕ್ಕೆ ಮರಿ ಆಗೋದಿಲ್ಲ. ವಂಶವೂ ಇಲ್ಲ, ವಂಶಾವಳಿಯೂ ಇಲ್ಲ. ಹೊರೋದೊಂದೇ ಕೆಲಸ.

2025ರ ದಸರಾ ರಜೆಯಲ್ಲಿ ನಮ್ಮ ಅಜ್ಜಿಯನ್ನು ಕೇದಾರಕ್ಕೆ ಕರೆದುಕೊಂಡು ಹೋಗಬೇಕಾಗಿ ಬಂದಾಗ ಈ ಪ್ರಾಣಿಯ ವಿಷಯಕ್ಕೇ ಮನೆಯಲ್ಲಿ ಒಂದು ತಿಂಗಳು ಜಗಳ ನಡೆಯಿತು.

ಅಜ್ಜಿಗೆ 71. ಮಂಡಿ ಸವೆದಿದೆ. ವೀರಶೈವರ ಐದು ಪೀಠಗಳಲ್ಲಿ ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿ ನಾಲ್ಕನ್ನೂ ನೋಡಿ ಆಗಿತ್ತು. ಉಳಿದಿದ್ದು ಕೇದಾರ ಒಂದೇ. ಉಜ್ಜಯಿನಿ ಅಂದ ತಕ್ಷಣ ಮಧ್ಯಪ್ರದೇಶಕ್ಕೆ ಹೋಗಬೇಡಿ, ಇದು ನಮ್ಮ ಕೊಟ್ಟೂರಿನ ಹತ್ತಿರದ ಉಜ್ಜಿನಿ. ಕೇದಾರನಾಥದ ರಾವಲ್, ಅಂದರೆ ಮುಖ್ಯ ಅರ್ಚಕರ ಸ್ಥಾನಕ್ಕೆ ಕರ್ನಾಟಕ ಮೂಲದ ವೀರಶೈವ ಜಂಗಮರನ್ನೇ ತರುವ ಸಂಪ್ರದಾಯ ಹಿಂದಿನಿಂದ ಇದೆ. ಅಷ್ಟು ದೂರದ ಹಿಮದಲ್ಲಿ ನಮ್ಮ ಕಡೆಯವರೊಬ್ಬರು ಇದ್ದಾರೆ ಅನ್ನೋದೇ ಅಜ್ಜಿಗೆ ಅರ್ಧ ಧೈರ್ಯ.

ಅಪ್ಪ ಒಂದು ದಾರಿ ಹುಡುಕಿದರು. “ಅಮ್ಮ, ಪೀಠ ಇರೋದು ಊಖಿಮಠದಲ್ಲಿ. ಚಳಿಗಾಲದಲ್ಲಿ ದೇವರೂ ಅಲ್ಲಿಗೇ ಇಳಿದು ಬರುತ್ತೆ. ಅಲ್ಲಿವರೆಗೆ ಟ್ಯಾಕ್ಸಿನೇ ಹೋಗುತ್ತೆ.”

“ಮಠದ ತನಕ ಹೋಗಿ ದೇವರನ್ನ ನೋಡದೆ ಬರೋಕಾಗುತ್ತೇನೋ?” ಅಂದರು ಅಜ್ಜಿ. ಅಲ್ಲಿಗೆ ಟ್ಯಾಕ್ಸಿ ಕಥೆ ಮುಗೀತು.

ಗೌರಿಕುಂಡದಿಂದ ಕೇದಾರಕ್ಕೆ 16 ಕಿ.ಮೀ. ಮೊದಲು 14 ಇತ್ತು. 2013ರ ಜೂನ್ ಪ್ರವಾಹದಲ್ಲಿ ರಾಮ್‌ಬಾಡಾ ಊರೇ ಕೊಚ್ಚಿಹೋದ ಮೇಲೆ ಅಲ್ಲಿಂದ ಮುಂದಿನ ಹಾದಿಯನ್ನು ಮಂದಾಕಿನಿಯ ಆಚೆ ದಡದಲ್ಲಿ ಹೊಸದಾಗಿ ಮಾಡಿದರು. ಗೌರಿಕುಂಡ ಸುಮಾರು 1,980 ಮೀಟರ್ ಎತ್ತರದಲ್ಲಿದೆ, ದೇಗುಲ 3,583 ಮೀಟರ್. ಸರಾಸರಿ ಪ್ರತಿ ಹತ್ತು ಹೆಜ್ಜೆಗೆ ಒಂದು ಹೆಜ್ಜೆಯಷ್ಟು ಮೇಲಕ್ಕೆ. ಮೇಲೆ ಹೋದಂತೆ ಗಾಳಿ ತೆಳು, ಅಲ್ಲಿ ಸಿಗೋ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ನಡೆಯಲಾಗದವರಿಗೆ ನಾಲ್ಕು ದಾರಿ: ಹೆಲಿಕಾಪ್ಟರ್, ನಾಲ್ಕು ಜನ ಹೊರುವ ದಂಡಿ, ಒಬ್ಬನೇ ಬೆನ್ನಿನ ಮೇಲೆ ಹೊರುವ ಬುಟ್ಟಿಯಂಥ ಕಂಡಿ, ಇಲ್ಲವೇ ಕುದುರೆ. ಹೆಲಿಕಾಪ್ಟರ್ ಅಂದರೆ ಅಜ್ಜಿಗೆ ಭಯ. ದಂಡಿ, ಕಂಡಿಯ ವಿಡಿಯೋ ತೋರಿಸಿದೆ. “ಮನುಷ್ಯನ ಬೆನ್ನ ಮೇಲೆ ಕೂತು ಹೋಗಿ ಯಾವ ದೇವರ ಮುಂದೆ ನಿಂತ್ಕೊಳ್ಳಲಿ? ಬೇಡ ಕಣೋ” ಅಂದರು. ಉಳಿದದ್ದು ಕುದುರೆ.

ಆಗ ಅಕ್ಕ ಎದ್ದಳು. ಅವಳು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. “ಅಜ್ಜಿ ಕುದುರೆ ಹತ್ತೋದಾದ್ರೆ ನಾನು ಬರಲ್ಲ” ಅಂತ ಒಂದೇ ಮಾತು. ಅವಳ ಸಿಟ್ಟಿಗೆ ಕಾರಣವಿತ್ತು. ಆ ವರ್ಷ ಮೇ ತಿಂಗಳಲ್ಲಿ ದೇಗುಲದ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಆ ದಾರಿಯಲ್ಲಿ ಪ್ರಾಣಿಗಳು ಸತ್ತು, ಕುದುರೆ ಸಂಚಾರವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ್ದರು. ಅದಕ್ಕೂ ಮುಂಚೆಯೇ ರುದ್ರಪ್ರಯಾಗ ಜಿಲ್ಲೆಯಲ್ಲಿ ಕುದುರೆಗಳ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತ್ತು. 2022ರಲ್ಲಂತೂ ಅಲ್ಲಿ ಪ್ರಾಣಿಗಳ ಸಾವು ದೇಶದ ತುಂಬಾ ಸುದ್ದಿಯಾಗಿ, ವಿಷಯ ಉತ್ತರಾಖಂಡ ಹೈಕೋರ್ಟಿಗೂ ಹೋಗಿತ್ತು.

ನಾನು ಮೆಕ್ಯಾನಿಕಲ್. ಜಗಳ ಬಗೆಹರಿಸೋಕೆ ಲೆಕ್ಕ ಹಾಕಿದೆ. ಅಜ್ಜಿ, ಜೀನು, ರೇನ್‌ಕೋಟು ಎಲ್ಲ ಸೇರಿ 75 ಕೆ.ಜಿ., ಹೇಸರಗತ್ತೆ 250 ಕೆ.ಜಿ. ಅಂತ ಇಟ್ಟುಕೊಳ್ಳಿ. ಕುದುರೆ ನಿಲ್ಲೋ ಜಾಗ ದೇಗುಲಕ್ಕಿಂತ ಕೆಳಗೇ ಇರೋದರಿಂದ ಏರಿಕೆ 1,500 ಮೀಟರ್ ಅಂದುಕೊಳ್ಳೋಣ. ಎಂ-ಜಿ-ಎಚ್ ಮಾಡಿದರೆ ಒಟ್ಟು ಸುಮಾರು 48 ಲಕ್ಷ ಜೌಲ್. ಐದು ಗಂಟೆಗೆ ಭಾಗಿಸಿದರೆ 265 ವಾಟ್. ಒಂದು ಅಶ್ವಶಕ್ತಿ ಅಂದರೆ 746 ವಾಟ್, ಹಾಗಾದರೆ ಇದು ಮೂರನೇ ಒಂದರಷ್ಟು. ಅಜ್ಜಿಯ ಪಾಲಿನದು ಬರೀ 11 ಲಕ್ಷ ಜೌಲ್, ಅಂದರೆ 0.3 ಯೂನಿಟ್ ಕರೆಂಟು. “ನೋಡು, ನಮ್ಮನೆ ಗೀಸರ್ ಒಂದು ಬಕೆಟ್ ನೀರಿಗೆ ಇದಕ್ಕಿಂತ ಜಾಸ್ತಿ ತಿನ್ನುತ್ತೆ” ಅಂದೆ.

ಅಕ್ಕ ಕಾಗದ ನೋಡಿದಳು. “ಇದರಲ್ಲಿ ನಿನ್ನೆ ಎಷ್ಟು ಸುತ್ತು ಹೊಡೆದಿದೆ ಅಂತ ಎಲ್ಲಿದೆ? ಜೀನಿನ ಕೆಳಗೆ ಗಾಯ ಇದ್ರೆ ಎಷ್ಟು ಜೌಲ್?” ಅಂತ ಕೇಳಿದಳು. ಉತ್ತರ ಇರಲಿಲ್ಲ.

ಆದರೆ ಅವಳೂ ಸುಮ್ಮನೆ ಕೂರಲಿಲ್ಲ. ಹೊರೆ ಎಳೆಯುವ, ಹೊರುವ ಪ್ರಾಣಿಗಳಿಗೆ ಹಿಂಸೆಯಾಗದಂತೆ 1965ರಲ್ಲೇ ಕೇಂದ್ರ ಸರ್ಕಾರ ಮಾಡಿದ ನಿಯಮಗಳನ್ನು ತೆಗೆದು ಓದಿದಳು. ಬೆನ್ನ ಮೇಲೆ ಹೊರಿಸಬಹುದಾದ ಗರಿಷ್ಠ ಭಾರ ಅದರಲ್ಲಿ ಸ್ಪಷ್ಟವಾಗಿದೆ: ಕತ್ತೆಗೆ 50 ಕೆ.ಜಿ., ಪೋನಿ ಅಂದರೆ ಸಣ್ಣ ಕುದುರೆಗೆ 70, ಹೇಸರಗತ್ತೆಗೆ 200. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿ ಕೊಡದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಬಳಸಬಾರದು. ಪೋನಿಗೂ ಹೇಸರಗತ್ತೆಗೂ ಇರೋ ವ್ಯತ್ಯಾಸ ನೋಡಿ. ಹಾಸ್ಟೆಲ್ ಮೆಸ್ಸಲ್ಲಿ ಚೆನ್ನಾಗಿ ತಿಂದು 75 ಕೆ.ಜಿ. ಆಗಿರೋ ನಮ್ಮಂಥವರು ಪೋನಿ ಮೇಲೆ ಕೂತರೆ ಜೀನು ಸೇರಿಸದೇನೇ ಆ ಮಿತಿ ದಾಟುತ್ತೆ. ಗೌರಿಕುಂಡದಲ್ಲಿ ಎರಡನ್ನೂ ‘ಘೋಡಾ’ ಅಂತಲೇ ಕರೀತಾರೆ.

ಕೊನೆಗೆ ಅಕ್ಕ ಬರಲು ಒಪ್ಪಿದಳು. ಷರತ್ತು ಮೂರು: ಪ್ರಾಣಿಯನ್ನು ಅವಳೇ ಆರಿಸಬೇಕು. ನಾವಿಬ್ಬರೂ ಪಕ್ಕದಲ್ಲೇ ನಡೆಯಬೇಕು. ಅವಳು ಇಳಿ ಅಂದಲ್ಲಿ ಅಜ್ಜಿ ಇಳಿಯಬೇಕು.

ಹರಿದ್ವಾರದಿಂದ ದೇವಪ್ರಯಾಗ, ರುದ್ರಪ್ರಯಾಗ, ಗುಪ್ತಕಾಶಿ ದಾಟಿ ಸೋನ್‌ಪ್ರಯಾಗ. ಅಲ್ಲಿಂದ ಶಟಲ್ ಜೀಪಿನಲ್ಲಿ ಗೌರಿಕುಂಡ. ಬೆಳಗಿನ ಜಾವ ನೂರಾರು ಪ್ರಾಣಿಗಳು, ಲದ್ದಿ, ಮಂಜು, ಕೂಗಾಟ. ನಿಗದಿ ದರದ ಕೌಂಟರಿನಲ್ಲಿ ಚೀಟಿ ಮಾಡಿಸಿದೆವು. ಒಬ್ಬ ಹುಡುಗ ಒಂದು ಕಂದು ಹೇಸರಗತ್ತೆ ಹಿಡಿದುಕೊಂಡು ಬಂದ. ಅಕ್ಕ ಅವನನ್ನು ಕೇಳಿ ಜೀನಿನ ಕೆಳಗಿನ ಕಂಬಳಿ ಎತ್ತಿಸಿದಳು. ಬೆನ್ನಿನ ಮೇಲೆ ಅಂಗೈಯಗಲ ಚರ್ಮ ಕಿತ್ತು ಹಸಿಯಾಗಿತ್ತು. ಅಕ್ಕ ಬೇಡ ಅಂದಳು.

ಹುಡುಗ ಬೈಯಲಿಲ್ಲ. ನನ್ನ ಹರಕು ಹಿಂದಿಯಲ್ಲಿ ಅವನ ಮಾತು ಅರ್ಥ ಮಾಡಿಕೊಂಡೆ. ಪ್ರಾಣಿ ಅವನದಲ್ಲ, ಮಾಲೀಕ ಊರಿನಲ್ಲಿದ್ದಾನೆ. ಇವತ್ತು ಇದು ಮೇಲೆ ಹೋಗದಿದ್ದರೆ ಇವನ ಇವತ್ತಿನ ದುಡ್ಡು ಹೋಯಿತು. ಅಕ್ಷಯ ತದಿಗೆಯ ಸುಮಾರಿಗೆ ತೆರೆಯುವ ಬಾಗಿಲು ದೀಪಾವಳಿ ಮುಗಿದ ಮೇಲೆ ಮುಚ್ಚುತ್ತೆ. ನಡುವೆ ಮಳೆಗಾಲ ಒಂದಷ್ಟು ತಿನ್ನುತ್ತೆ. ಉಳಿದ ದಿನಗಳಲ್ಲೇ ವರ್ಷದ ಊಟ ಸಂಪಾದಿಸಬೇಕು. ಗಾಯ ಒಣಗಲಿ ಅಂತ ಹತ್ತು ದಿನ ಕಟ್ಟಿಹಾಕುವ ಶಕ್ತಿ ಆ ಲೆಕ್ಕದಲ್ಲಿ ಯಾರಿಗೂ ಇಲ್ಲ. ನಾವು ಬೇಡ ಅಂದ ಪ್ರಾಣಿಯನ್ನು ಹತ್ತು ನಿಮಿಷದಲ್ಲಿ ಇನ್ಯಾರೋ ಹತ್ತಿಕೊಂಡು ಹೋದರು. ಅಕ್ಕ ಅದನ್ನೇ ನೋಡುತ್ತಾ ನಿಂತಿದ್ದಳು. ಕಂಬಳಿ ಎತ್ತಿ ನೋಡಿದ್ದರಿಂದ ಆ ಪ್ರಾಣಿಗೆ ಆ ದಿನ ಏನೂ ಉಪಯೋಗ ಆಗಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತೆ.

ಮೂರನೆಯದು ಮೋತಿ. ಬೆನ್ನು ಶುಭ್ರ, ಮೂಗಲ್ಲಿ ಸೋರಿಕೆ ಇಲ್ಲ, ಕುಂಟಿಲ್ಲ, ನಾಲ್ಕೂ ಲಾಳ ಗಟ್ಟಿ. ಹಿಡಿದಿದ್ದವನಿಗೆ ನಮ್ಮ ಫಸ್ಟ್ ಇಯರ್ ಹುಡುಗರ ವಯಸ್ಸು. ಕಾಲಿಗೆ ಗಮ್‌ಬೂಟು. “ಏರುವಾಗ ಮುಂದಕ್ಕೆ ಬಾಗಿ, ಇಳಿಯುವಾಗ ಹಿಂದಕ್ಕೆ. ಕಾಲು ರಿಕಾಪಿನಲ್ಲಿ ಪೂರ್ತಿ ತೂರಿಸಬೇಡಿ” ಅಂತ ಅಜ್ಜಿಗೆ ಕೈಸನ್ನೆಯಲ್ಲೇ ಹೇಳಿಕೊಟ್ಟ. ಬಿದ್ದರೆ ಕಾಲು ಸಿಕ್ಕಿಕೊಂಡು ಪ್ರಾಣಿ ಎಳೆದುಕೊಂಡು ಹೋಗಬಾರದಲ್ಲ, ಅದಕ್ಕೆ.

ಜಂಗಲ್ ಚಟ್ಟಿ, ಭೀಮ್‌ಬಲಿ, ಲಿಂಚೋಲಿ. ಪ್ರತಿ ನಿಲ್ದಾಣದಲ್ಲೂ ಅಕ್ಕ ಇಳಿಸುತ್ತಿದ್ದಳು. ಸಪಾಟಾದ ಕಡೆ ಅಜ್ಜಿ ಕೋಲು ಊರಿಕೊಂಡು ನಡೆದರು. ಮನೆಯಿಂದ ತಂದ ಬೆಲ್ಲದಲ್ಲಿ ಅರ್ಧ ಮೋತಿಗೆ ಹೋಯಿತು. ಹುಡುಗನಿಗೆ ಆತುರ, ಪ್ರತಿ ಸಲ ನಿಂತಾಗಲೂ ಮೇಲಕ್ಕೇ ನೋಡುತ್ತಿದ್ದ. ಲಿಂಚೋಲಿಯಲ್ಲಿ ಚಹಾ ಕುಡಿಯುವಾಗ ಅಜ್ಜಿ ಅಕ್ಕನನ್ನು ಕೇಳಿದರು: “ಮೋತಿಗೆ ಒಂಬತ್ತು ಗಂಟೆ ಅಂತ ಕಾನೂನು ಓದಿದೆಯಲ್ಲ, ಈ ಹುಡುಗನಿಗೆ ಎಷ್ಟು ಗಂಟೆ ಅಂತ ಬರೆದಿದ್ದಾರೆ?”

ನಾವಿಬ್ಬರೂ ಮಾತಾಡಲಿಲ್ಲ. ಮೋತಿ ಹತ್ತಿದ ಹಾದಿಯನ್ನೆಲ್ಲ ಅವನೂ ಲಗಾಮು ಹಿಡಿದು ಹತ್ತಿದ್ದ. ನನ್ನ ಲೆಕ್ಕದ ಕಾಗದದಲ್ಲಿ ಅಜ್ಜಿ ಇದ್ದರು, ಜೀನು ಇತ್ತು, ಹೇಸರಗತ್ತೆ ಇತ್ತು. ಅವನು ಇರಲಿಲ್ಲ. ಅಜ್ಜಿ ಅವನಿಗೆ ಎರಡು ಪರಾಠ ತರಿಸಿ, ಅವನು ತಿಂದು ಮುಗಿಸೋವರೆಗೆ ಎದ್ದೇಳಲಿಲ್ಲ.

ಕುದುರೆ ನಿಲ್ಲೋ ಜಾಗದಿಂದ ದೇಗುಲಕ್ಕೆ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಬೇಕು. ಅಜ್ಜಿ ನಡೆದರು, ನಲವತ್ತು ಹೆಜ್ಜೆಗೊಮ್ಮೆ ನಿಂತು. ದೇಗುಲದ ಹಿಂದೆ 2013ರಲ್ಲಿ ನೀರನ್ನು ಸೀಳಿ ಗುಡಿ ಉಳಿಸಿದ ಭೀಮಶಿಲೆಗೂ ಕೈ ಮುಗಿದರು. ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಇನ್ನೊಂದು ಹೇಸರಗತ್ತೆ ಹಿಡಿದೆವು. ಮತ್ತೆ ಅಕ್ಕನ ತಪಾಸಣೆ. ತೀರಾ ಕಡಿದಾದ ಇಳಿಜಾರುಗಳಲ್ಲಿ ಅಜ್ಜಿಯನ್ನು ಇಳಿಸಿ, ನಮ್ಮಿಬ್ಬರ ಹೆಗಲು ಕೊಟ್ಟು ನಡೆಸಿದೆವು. ಕೊನೆಗೆ ಊಖಿಮಠಕ್ಕೂ ಹೋದೆವು, ಅಪ್ಪ ಹೇಳಿದ ಹಾಗೇ ಟ್ಯಾಕ್ಸಿಯಲ್ಲಿ.

ಇದೆಲ್ಲ ಇನ್ನೆಷ್ಟು ವರ್ಷ ಇರುತ್ತೋ. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿ.ಮೀ. ರೋಪ್‌ವೇಗೆ 2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ವೆಚ್ಚ 4,081 ಕೋಟಿ ರೂಪಾಯಿ, ಪ್ರಯಾಣ ಸುಮಾರು 36 ನಿಮಿಷ, ಗಂಟೆಗೆ ಒಂದು ದಿಕ್ಕಿನಲ್ಲಿ 1,800 ಜನ. ನನ್ನ 0.3 ಯೂನಿಟ್ ಲೆಕ್ಕ ಆಗ ನಿಜವಾಗಿಯೂ ಕರೆಂಟ್ ಬಿಲ್ಲಿಗೆ ಬರುತ್ತೆ. ಅಕ್ಕನಿಗೆ ಖುಷಿ. ಆದರೆ ಆ ಹುಡುಗ ಏನು ಮಾಡ್ತಾನೆ, ಮೋತಿಯನ್ನು ಯಾರಿಗೆ ಮಾರ್ತಾರೆ ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ. ನಮ್ಮಲ್ಲಿ ಯಾರಾದರೂ ಮುಂದೆ ಇಂಥ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಿದರೆ ಈ ಪ್ರಶ್ನೆಯನ್ನೂ ಡಿಸೈನಿನ ಜೊತೆಗೆ ಇಟ್ಟುಕೊಳ್ಳಿ.

ಅಲ್ಲಿವರೆಗೆ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಇಷ್ಟು ಮಾಡಿ. ನಿಮಗೆ ನಡೆಯೋಕಾದರೆ ನಡೆಯಿರಿ. ಚೀಟಿ ಕೌಂಟರಿನಲ್ಲೇ ಮಾಡಿಸಿ. ಪೋನಿಯೋ ಹೇಸರಗತ್ತೆಯೋ ಅಂತ ಕೇಳಿ, ಕಂಬಳಿ ಎತ್ತಿಸಿ ನೋಡಿ. ಪ್ರಾಣಿ ನಿಂತಾಗ ಹಿಡಿದವನಿಗೂ ಊಟ ಕೊಡಿಸಿ.

ಊರಿಗೆ ಬಂದ ಮೇಲೆ ಅಕ್ಕಪಕ್ಕದವರೆಲ್ಲ ಅಜ್ಜಿಯನ್ನು ನೋಡೋಕೆ ಬಂದರು. “ಈ ವಯಸ್ಸಲ್ಲಿ ಕೇದಾರ ಹತ್ತಿಬಿಟ್ರಲ್ಲಮ್ಮ!” ಅಂತ ಹೊಗಳಿದವರಿಗೆಲ್ಲ ಅಜ್ಜಿಯದು ಒಂದೇ ಉತ್ತರ: “ನಾನೆಲ್ಲಿ ಹತ್ತಿದೆ? ಮೋತಿ ಹತ್ತಿತು, ಆ ಹುಡುಗ ಹತ್ತಿದ. ನಾನು ಕೂತಿದ್ದೆ.” ಆಮೇಲೆ ಪ್ರಸಾದ ಕೊಡುತ್ತಿದ್ದರು.