ಕಣದ ಮಣ್ಣು, ಹುಟ್ಟಿದ ಮಣ್ಣು

ಹೊಸಕೋಟೆ, ದೇವನಹಳ್ಳಿಗಳ ಕಡೆಯ ಗರಡಿಮನೆಯಲ್ಲಿ ಪೈಲ್ವಾನನು ಅಖಾಡಕ್ಕಿಳಿಯುವ ಮುನ್ನ ಕೆಮ್ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಜಪಾನಿನ ಮೇಲ್ದರ್ಜೆಯ ಸುಮೋ ಜಟ್ಟಿಯಾದರೋ ಉಪ್ಪೆರಚಿ ಮಣ್ಣಿನ ಕಣವನ್ನು ಶುದ್ಧಿಗೊಳಿಸಿಯೇ ಸೆಣಸುತ್ತಾನೆ. ಇಲ್ಲಿ ಬೆನ್ನು ನೆಲಕ್ಕೆ ತಾಗಿದರೆ ‘ಚಿತ್’. ಅಲ್ಲಿ ಅಂಗಾಲಿನ ಹೊರತು ಬೆರಳ ತುದಿ ತಾಗಿದರೂ ಸೋಲೇ.

ಅಂತಹ ಕಣದಲ್ಲಿ ಪರದೇಶದವರೂ ಮೆರೆದದ್ದುಂಟು. ಹವಾಯಿಯ ತಕಾಮಿಯಾಮ 1972ರಲ್ಲಿ ಅಗ್ರಶ್ರೇಣಿಯ ಪಂದ್ಯಾವಳಿಯನ್ನು ಗೆದ್ದ ಮೊದಲ ವಿದೇಶೀಯನಾದ. ಅಲ್ಲಿಂದಲೇ ಬಂದ ಅಕೆಬೊನೊ 1993ರಲ್ಲಿ ‘ಯೊಕೊಝುನ’ ಎಂಬ ಅತ್ಯುನ್ನತ ಪದವಿಗೇರಿದ. ಮಂಗೋಲಿಯದ ಹಕುಹೊ ಗೆದ್ದ ಪ್ರಶಸ್ತಿಗಳು 45! ಜುಟ್ಟು ಕಟ್ಟಿ, ಜಪಾನೀ ಹೆಸರು ಹೊತ್ತು, ಆ ಭಾಷೆಯನ್ನೇ ಆಡಿದವರಿವರು. ಇಷ್ಟಾದರೂ ನಿವೃತ್ತಿಯ ನಂತರ ಗುರುಪೀಠವನ್ನೇರಲು ಜಪಾನಿನ ಪೌರನೇ ಆಗಿರಬೇಕೆಂಬುದು ಸುಮೋ ಸಂಘದ ಕಟ್ಟಳೆ. ಹಕುಹೊ 2019ರಲ್ಲಿ ತಾಯ್ನಾಡಿನ ಪೌರತ್ವವನ್ನು ತೊರೆದ. ಎಷ್ಟು ದುಬಾರಿಯ ಪೀಠ! 2025ರಲ್ಲಿ ಅದನ್ನೂ ಬಿಟ್ಟು ಹೊರನಡೆದ.

ಗರಡಿಯಲ್ಲಿ ಗುರುವಿಗೆ ‘ಉಸ್ತಾದ್’ ಎನ್ನುವುದು ರೂಢಿ. ಆ ಮಾತೂ ‘ಪೈಲ್ವಾನ’ ಎಂಬುದೂ ಪಾರಸಿಯಿಂದ ಬಂದವು. ಎಂದು ಬಂದವೋ, ಕೆಮ್ಮಣ್ಣು ಮೆತ್ತಿಕೊಂಡು ಇಲ್ಲಿಯವೇ ಆಗಿಬಿಟ್ಟಿವೆ. ಹುಡುಗರು ಹನುಮಂತನ ಪಟದ ಕೆಳಗೆ ನಿಂತೇ ಹಾಗೆ ಕರೆಯುತ್ತಾರೆ.