ಕೊಲ್ಲದವರ ನೆಲದಲ್ಲಿ ಅಳಿದ ಹೊನ್ನಗಪ್ಪೆ

ಮಧ್ಯ ಅಮೆರಿಕದ ಕೋಸ್ಟಾರಿಕಾ ದೇಶದಲ್ಲಿ ಮೊಂಟೆವರ್ಡೆ ಎಂಬ ಪರ್ವತಪ್ರದೇಶವಿದೆ. ಸುಮಾರು 1500 ಮೀಟರ್ ಎತ್ತರದ ಅಲ್ಲಿನ ಕಾಡನ್ನು ಮೋಡಗಳು ಮುಸುಕಿರುತ್ತವೆ. ಮಳೆ ಬಾರದ ದಿನವೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತದೆ. 1951ರಲ್ಲಿ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಅಲಬಾಮಾದಿಂದ ಬಂದು ಇಲ್ಲಿ ನೆಲೆಸಿದವು. ಯುದ್ಧದಲ್ಲಿ ಕೊಲ್ಲಲಾರೆವೆಂದು ಸೈನ್ಯದ ನೋಂದಣಿಯನ್ನು ನಿರಾಕರಿಸಿ ಅವರಲ್ಲಿ ಕೆಲವರು ಸೆರೆವಾಸವನ್ನೂ ಅನುಭವಿಸಿದ್ದರು. ಕೋಸ್ಟಾರಿಕಾ 1948ರಲ್ಲಿಯೇ ತನ್ನ ಸೈನ್ಯವನ್ನು ವಿಸರ್ಜಿಸಿತ್ತು. ಹೈನುಗಾರಿಕೆಯಿಂದ ಬದುಕಿದ ಆ ಜನ, ತೊರೆಗಳು ಹುಟ್ಟುವ ಮೇಲ್ಕಾಡಿಗೆ ಕೊಡಲಿ ತಾಗದಂತೆ ಕಾಯ್ದರು.

ಆ ಕಾಡಿನ ಕೆಲವೇ ಚದರ ಕಿಲೋಮೀಟರ್‌ಗಳಲ್ಲಿ, ಜಗತ್ತಿನ ಬೇರೆಲ್ಲಿಯೂ ಇಲ್ಲದ ಹೊನ್ನಗಪ್ಪೆ ವಾಸಿಸುತ್ತಿತ್ತು. ಉದ್ದ ಎರಡು ಅಂಗುಲ. ಗಂಡು ಉಜ್ಜ್ವಲವಾದ ಕಿತ್ತಳೆ ಬಣ್ಣದ್ದು. 1964ರಲ್ಲಿ ಅದನ್ನು ಕಂಡ ವಿಜ್ಞಾನಿ ಜೇ ಸ್ಯಾವೇಜ್, ಯಾರೋ ಬಣ್ಣದಲ್ಲಿ ಅದ್ದಿ ತೆಗೆದಿರಬೇಕೆಂದು ಶಂಕಿಸಿದರಂತೆ. ವರ್ಷದ ಬಹುಭಾಗ ಕಣ್ಣಿಗೆ ಬೀಳದ ಈ ಜೀವಿ, ಮಳೆಯ ಆರಂಭದಲ್ಲಿ ಕೆಲವು ದಿನ ಮಾತ್ರ ಮರದ ಬೇರುಗಳ ನಡುವಿನ ನೀರಿನ ಗುಂಡಿಗಳಿಗೆ ಬರುತ್ತಿತ್ತು.

1987ರಲ್ಲಿ ಮಾರ್ಥಾ ಕ್ರಂಪ್ ಎಂಬ ವಿದುಷಿ ಅಲ್ಲಿ 1500ಕ್ಕೂ ಹೆಚ್ಚು ಕಪ್ಪೆಗಳನ್ನು ಕಂಡರು. ಆದರೆ ಗುಂಡಿಗಳು ಬೇಗನೆ ಬತ್ತಿದವು. ಅವರು ಗಮನಿಸಿದ ಹತ್ತು ಗುಂಡಿಗಳಲ್ಲಿದ್ದ ಸುಮಾರು 43,500 ಮೊಟ್ಟೆಗಳ ಪೈಕಿ ವಾರಕ್ಕಿಂತ ಹೆಚ್ಚು ಬಾಳಿದವು 29 ಮರಿಗಳು. 1988ರಲ್ಲಿ ಆ ಸ್ಥಳದಲ್ಲಿ ಕಂಡದ್ದು ಒಂದೇ ಕಪ್ಪೆ. 1989ರ ಮೇ 15ರಂದು ಒಂದು ಗಂಡು ಒಂಟಿಯಾಗಿ ಕಾಣಿಸಿತು. ಬಳಿಕ ಯಾರಿಗೂ ಕಾಣಲಿಲ್ಲ. 2004ರಲ್ಲಿ ಅದನ್ನು ನಿರ್ವಂಶವೆಂದು ಘೋಷಿಸಲಾಯಿತು.

ಅದರ ಮೇಲೆ ಯಾರೂ ಕೈ ಎತ್ತಲಿಲ್ಲ. 1986–87ರ ಎಲ್ ನಿನೋ ತಂದ ಶುಷ್ಕತೆ ಮತ್ತು ಚರ್ಮಕ್ಕೆ ತಗಲುವ ಶಿಲೀಂಧ್ರರೋಗ ಕೂಡಿ ಅದನ್ನು ಅಳಿಸಿರಬೇಕೆಂಬುದು ಹಲವು ವಿದ್ವಾಂಸರ ಮತ. ಆ ರೋಗ ಖಂಡದಿಂದ ಖಂಡಕ್ಕೆ ಹರಡಲು ಕಪ್ಪೆಗಳ ವ್ಯಾಪಾರ ಮುಖ್ಯ ಕಾರಣವೆಂದೂ ತಿಳಿದುಬಂದಿದೆ. ಭಾರತವೂ ಒಂದು ಕಾಲದಲ್ಲಿ ಕಪ್ಪೆಯ ಕಾಲುಗಳನ್ನು ಹೇರಳವಾಗಿ ರಫ್ತುಮಾಡುತ್ತಿತ್ತು. 1987ರಲ್ಲಿ ಅದನ್ನು ನಿಷೇಧಿಸಿತು.

ಇಲ್ಲಿ ಸಂಕಲ್ಪೀ ಹಿಂಸೆ ಇರಲಿಲ್ಲ. ಆದರೆ ಉದ್ಯೋಗೀ ಹಿಂಸೆಯ ನೆರಳು ಎಷ್ಟು ದೂರ ಚಾಚಬಲ್ಲದೆಂಬುದಕ್ಕೆ ಇದು ಸಾಕ್ಷಿ. ಕೊಲ್ಲೆನೆಂಬ ವ್ರತವು ಕಾಡಿನ ಮರಗಳನ್ನು ಉಳಿಸಿತು; ಕಪ್ಪೆಯನ್ನು ಉಳಿಸಲಾಗಲಿಲ್ಲ. ಸರಕು ಎಲ್ಲಿಂದ ಬಂತು, ತನ್ನೊಡನೆ ಏನನ್ನು ತಂದಿತು ಎಂಬ ಪ್ರಶ್ನೆಯನ್ನು ಅಂಗಡಿಯ ಗದ್ದುಗೆಯಲ್ಲಿ ಕುಳಿತವನೂ ಕೇಳಿಕೊಳ್ಳಬೇಕಾಗಿದೆ. ಅದನ್ನು ಕೇಳದ ಅಹಿಂಸೆ ಅರ್ಧ ವ್ರತವೇ ಸರಿ.