ಹುಲ್ಲಿನಡಿಯ ವಾಲ್ವ್

ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 2,000 ಮಿ.ಮೀ. ಮಳೆ ಬೀಳುತ್ತದೆ. ಹುಲ್ಲುಹಾಸಿಗೆ ಆಗ ನೀರು ಬೇಡ. ಸ್ಪ್ರಿಂಕ್ಲರ್ ವಾಲ್ವುಗಳು ಮಣ್ಣಿನಡಿ ಸುಮ್ಮನಿರುತ್ತವೆ. ಅವುಗಳ ವಯಸ್ಸು ತಿಳಿಯುವುದು ಅಕ್ಟೋಬರ್ ಬಿಸಿಲಿಗೆ.

ಮುಲುಂಡಿನ ಒಂದು ಸೊಸೈಟಿಯಲ್ಲಿ ಟೈಮರ್ ನಿಂತ ಮೇಲೂ ಒಂದು ಮೂಲೆ ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು. ಮಾಲಿ ನೀರು ಬಿಟ್ಟು ಹೋಗುತ್ತಾರೆಂದು ದೂರು ಬಂತು. ಹನ್ನೆರಡು ವರ್ಷದ ಎಂಟೂ ವಾಲ್ವು ಬದಲಿಸುವುದೆಂದು ಕಮಿಟಿ ತೀರ್ಮಾನಿಸಿತು.

ವಿಜಯಪುರ ಕಡೆಯ ಆ ಮಾಲಿ ಉಡುಪಿ ಮೂಲದ ಕಾರ್ಯದರ್ಶಿಯನ್ನು ಕರೆದರು. "ಮೊದಲ ಬಿಚ್ಚಿ ನೋಡೋಣ್ರಿ ಸಾಹೇಬ್ರ."

ನೀರು ಕಟ್ಟಿ ಮುಚ್ಚಳ ಬಿಚ್ಚಿದರೆ ರಬ್ಬರ್ ಡಯಾಫ್ರಮ್ ಕೆಳಗೆ ಮರಳು. ಮೇಲಿನ ನೀರಿನ ಒತ್ತಡವೇ ಡಯಾಫ್ರಮ್ಮನ್ನು ಒತ್ತಿ ಮುಚ್ಚಬೇಕು. ಒಂದು ಹರಳು ಅಡ್ಡ ಬಂದರೂ ಸಂದು ಉಳಿಯುತ್ತದೆ. ತೊಳೆದು ಕೂರಿಸಿದೊಡನೆ ಸೋರಿಕೆ ನಿಂತಿತು. ತೆರೆಯದೇ ಇದ್ದ ಇನ್ನೊಂದಕ್ಕೆ ಮೀಟರ್ ಹಿಡಿದಾಗ ಕಾಯಿಲ್ ಸುಟ್ಟಿರುವುದು ತಿಳಿಯಿತು. ಕಾಯಿಲ್ ಮಾತ್ರ ಬದಲಾಯಿತು. ಮೂರನೆಯದು ಬಿರುಕು ಬಿಟ್ಟಿತ್ತು. ಅದನ್ನು ಕತ್ತರಿಸಿ ತೆಗೆದು, ಹೊಸದಕ್ಕೆ ಎರಡೂ ಬದಿ ಯೂನಿಯನ್ ಹಾಕಿದರು. ಮುಂದಿನ ಸಲ ಪೈಪು ಕೊಯ್ಯಬೇಕಿಲ್ಲ, ತಿರುಗಿಸಿ ತೆಗೆದರೆ ಸಾಕು.

"ಮರಳು ಎಲ್ಲಿಂದ ಬಂತು ಮಾರಾಯ್ರೆ?"

ಮಾಲಿ ಪಂಪಿನ ಬಳಿಗೆ ಕರೆದೊಯ್ದು ಫಿಲ್ಟರ್ ತೋರಿಸಿದರು. ಜಾಲರಿ ಹರಿದಿತ್ತು. ಎಂಟು ಹೊಸ ವಾಲ್ವುಗಳನ್ನು ಹಾಕಿದ್ದರೂ ಅದೇ ಮರಳು ಅವುಗಳಿಗೂ ಸೇರುತ್ತಿತ್ತು.

ದೂರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಆದರೆ ಜಾಲರಿ ಯಾವ ಅಳತೆಯದು ತರಬೇಕೆಂದು ಕಾರ್ಯದರ್ಶಿ ಮಾಲಿಯನ್ನೇ ಕೇಳಿದರು.